ಪೌಂಡ್ ಲೆಕ್ಕದ ಸ್ನಿಗ್ಧತೆಯನ್ನು ಸೆಂಟಿಪಾಯ್ಸ್‌ಗೆ ಬದಲಿಸಿದರೆ 32 ಪಟ್ಟು ವ್ಯತ್ಯಾಸ ಬರುತ್ತಿದೆ, ತಪ್ಪು ಎಲ್ಲಿದೆ?

ಪ್ರಶ್ನೆ:

ಕೊಳವೆಯಲ್ಲಿ ಎಣ್ಣೆ ಹರಿಯುವಾಗ ಪ್ರತಿ ಮೀಟರಿಗೆ ಎಷ್ಟು ಒತ್ತಡ ಕಡಿಮೆಯಾಗುತ್ತದೆ ಎಂಬುದನ್ನು ಲೆಕ್ಕ ಹಾಕುತ್ತಿದ್ದೇನೆ. ಕೊಳವೆಯ ಒಳವ್ಯಾಸ 50 ಮಿಲಿಮೀಟರ್, ಎಣ್ಣೆಯ ವೇಗ ಸೆಕೆಂಡಿಗೆ 1.5 ಮೀಟರ್, ಸಾಂದ್ರತೆ ಘನ ಮೀಟರಿಗೆ 870 ಕಿಲೋಗ್ರಾಂ. ತಯಾರಕರ ಮಾಹಿತಿ ಹಾಳೆಯಲ್ಲಿ ಈ ಎಣ್ಣೆಯ ಡೈನಮಿಕ್ ಸ್ನಿಗ್ಧತೆ (ಹರಿಯುವಾಗ ದ್ರವ ಒಡ್ಡುವ ತಡೆಯ ಅಳತೆ) 40 ಡಿಗ್ರಿ ಸೆಲ್ಸಿಯಸ್‌ನಲ್ಲಿ 59.2 ಸೆಂಟಿಪಾಯ್ಸ್ ಎಂದಿದೆ. ಹಳೆಯ ವಿನ್ಯಾಸದ ಕಡತದಲ್ಲಿ ಅದೇ ಎಣ್ಣೆಗೆ, ಅದೇ ಉಷ್ಣಾಂಶಕ್ಕೆ, 0.001236 ಪೌಂಡ್-ಸೆಕೆಂಡ್ ಪ್ರತಿ ಚದರ ಅಡಿ ಎಂದು ಬರೆದಿದ್ದಾರೆ.

ಎರಡೂ ಒಂದೇ ಹೌದೋ ಅಲ್ಲವೋ ನೋಡೋಣವೆಂದು ಪರಿವರ್ತನೆಯ ಕೋಷ್ಟಕ ತೆರೆದು, ಪೌಂಡ್, ಅಡಿ, ಸೆಕೆಂಡ್ ಮೂರೂ ಇರುವ ಸಾಲಿನಲ್ಲಿದ್ದ 1.488ರಿಂದ ಗುಣಿಸಿದೆ. ಬಂದದ್ದು 0.00184 ಪಾಸ್ಕಲ್-ಸೆಕೆಂಡ್, ಅಂದರೆ 1.84 ಸೆಂಟಿಪಾಯ್ಸ್. ನೀರಿಗೇ 20 ಡಿಗ್ರಿಯಲ್ಲಿ ಹೆಚ್ಚುಕಡಿಮೆ 1 ಸೆಂಟಿಪಾಯ್ಸ್ ಇರುವಾಗ, ಇಷ್ಟು ದಪ್ಪ ಎಣ್ಣೆಗೆ ಅದರ ಎರಡು ಪಟ್ಟೂ ಇಲ್ಲವೆಂದರೆ ನಂಬಲಾಗುತ್ತಿಲ್ಲ. ಕಡತದ ಅಂಕಿಯೇ ತಪ್ಪಾಗಿದೆಯೋ, ನನ್ನ ಲೆಕ್ಕ ತಪ್ಪಾಗಿದೆಯೋ, ದಯವಿಟ್ಟು ತಿಳಿಸಿ.

ಉತ್ತರ 1:

ಕಡತದ ಅಂಕಿ ಸರಿಯಾಗಿದೆ. ನೀವು ಆರಿಸಿಕೊಂಡ ಗುಣಕ ಬೇರೆ ಏಕಮಾನದ್ದು.

59.2ನ್ನು 1.84ರಿಂದ ಭಾಗಿಸಿ ನೋಡಿ, ಸುಮಾರು 32.2 ಬರುತ್ತದೆ. ಅಡಿ ಲೆಕ್ಕದಲ್ಲಿ ಗುರುತ್ವ ವೇಗೋತ್ಕರ್ಷದ ಬೆಲೆ 32.174. ಉತ್ತರದಲ್ಲಿ ಈ ಸಂಖ್ಯೆ ತಲೆ ಹಾಕಿತೆಂದರೆ ಪೌಂಡ್ ಎಂಬ ಒಂದೇ ಹೆಸರಿನ ಎರಡು ಅಳತೆಗಳು, ದ್ರವ್ಯರಾಶಿಯ ಪೌಂಡ್ ಮತ್ತು ಬಲದ ಪೌಂಡ್, ಅದಲುಬದಲಾಗಿವೆ ಎಂದು ಬಹುಮಟ್ಟಿಗೆ ಖಚಿತವಾಗಿ ಹೇಳಬಹುದು.

ಯಾವ ಪೌಂಡ್ ಎಂದು ಬರೆದಿರದಿದ್ದರೂ ಸೆಕೆಂಡ್ ಭಾಗಾಕಾರದ ಗೆರೆಯ ಮೇಲೆ ಕುಳಿತಿದೆಯೋ ಕೆಳಗೋ ಎಂಬುದರಿಂದ ಅದನ್ನು ಗುರುತಿಸಬಹುದು. ಸ್ನಿಗ್ಧತೆಯೆಂದರೆ ದ್ರವದ ಪದರಗಳ ನಡುವಿನ ಘರ್ಷಣಬಲವನ್ನು, ಅಂದರೆ ಒಂದು ಚದರ ಅಳತೆಯ ಮೇಲೆ ಪದರದ ಉದ್ದಕ್ಕೂ ಬೀಳುವ ಬಲವನ್ನು, ಪದರದಿಂದ ಪದರಕ್ಕೆ ವೇಗ ಬದಲಾಗುವ ದರದಿಂದ ಭಾಗಿಸಿದಾಗ ಸಿಗುವ ಮೊತ್ತ. ಆ ದರದ ಏಕಮಾನ ‘ಪ್ರತಿ ಸೆಕೆಂಡಿಗೆ’ ಆಗಿರುವುದರಿಂದ, ಬಲದ ಮೂಲಕ ಬರೆದಾಗ ಸೆಕೆಂಡ್ ಮೇಲಕ್ಕೆ ಬರುತ್ತದೆ ಮತ್ತು ಚದರ ಅಡಿ ಕೆಳಗೆ ಉಳಿಯುತ್ತದೆ. ಬಲವನ್ನು ದ್ರವ್ಯರಾಶಿ ಮತ್ತು ವೇಗೋತ್ಕರ್ಷವಾಗಿ ಬಿಡಿಸಿದರೆ ಒಂದು ಅಡಿ ಹೊಡೆದುಹೋಗಿ ಸೆಕೆಂಡ್ ಕೆಳಗಿಳಿಯುತ್ತದೆ, ಆಗ ಅದು ಪೌಂಡ್ ಪ್ರತಿ ಅಡಿ-ಸೆಕೆಂಡ್ ಆಗುತ್ತದೆ. ಪಾಸ್ಕಲ್-ಸೆಕೆಂಡ್ ಕೂಡ ಹೀಗೆಯೇ ಬಿಡಿಸಿದಾಗ ಕಿಲೋಗ್ರಾಂ ಪ್ರತಿ ಮೀಟರ್-ಸೆಕೆಂಡ್ ಆಗುತ್ತದೆ. ಆದರೆ ಅಲ್ಲಿ ಬಲಕ್ಕೆ ನ್ಯೂಟನ್ ಎಂಬ ಪ್ರತ್ಯೇಕ ಹೆಸರಿರುವುದರಿಂದ ಗೊಂದಲವಾಗುವುದಿಲ್ಲ.

ಕೋಷ್ಟಕವನ್ನು ನಂಬುವ ಬದಲು ಗುಣಕವನ್ನು ಒಮ್ಮೆ ನೀವೇ ಕಟ್ಟಿ ನೋಡಿ. ಬಲದ 1 ಪೌಂಡ್ 4.448 ನ್ಯೂಟನ್, 1 ಚದರ ಅಡಿ 0.0929 ಚದರ ಮೀಟರ್, ಭಾಗಿಸಿದರೆ 47.88. ದ್ರವ್ಯರಾಶಿಯ 1 ಪೌಂಡ್ 0.4536 ಕಿಲೋಗ್ರಾಂ, 1 ಅಡಿ 0.3048 ಮೀಟರ್; ಭಾಗಿಸಿದರೆ ನೀವು ಬಳಸಿದ 1.488. ನಿಮ್ಮ ಕಡತದಲ್ಲಿ ಸೆಕೆಂಡ್ ಮೇಲಿದೆ, ಹಾಗಾಗಿ 0.001236ನ್ನು 47.88ರಿಂದ ಗುಣಿಸಬೇಕು. ಉತ್ತರ 0.0592 ಪಾಸ್ಕಲ್-ಸೆಕೆಂಡ್. 1 ಪಾಸ್ಕಲ್-ಸೆಕೆಂಡ್ ಎಂದರೆ 10 ಪಾಯ್ಸ್ ಅಥವಾ 1,000 ಸೆಂಟಿಪಾಯ್ಸ್ ಆದ್ದರಿಂದ, ಅದು ಮಾಹಿತಿ ಹಾಳೆಯ 59.2 ಸೆಂಟಿಪಾಯ್ಸೇ.

ಇದನ್ನು ಹಗುರವಾಗಿ ಕಾಣಬೇಡಿ. ಸರಿಯಾದ ಬೆಲೆಯಿಂದ ನಿಮ್ಮ ಕೊಳವೆಯ ರೆನಾಲ್ಡ್ಸ್ ಸಂಖ್ಯೆ (ಹರಿವು ಪದರಪದರವಾಗಿದೆಯೋ ಪ್ರಕ್ಷುಬ್ಧವೋ ಎಂದು ತಿಳಿಸುವ ಸಂಖ್ಯೆ) ಸುಮಾರು 1,100 ಬರುತ್ತದೆ. ಹರಿವು ಪದರಪದರವಾಗಿ ಸಾಗುತ್ತದೆ, ಒತ್ತಡ ನಷ್ಟ ಮೀಟರಿಗೆ ಸುಮಾರು 1,140 ಪಾಸ್ಕಲ್. ತಪ್ಪು ಬೆಲೆಯನ್ನು ಹಾಕಿದ್ದರೆ ರೆನಾಲ್ಡ್ಸ್ ಸಂಖ್ಯೆ 35,000 ದಾಟಿ ಹರಿವು ಪ್ರಕ್ಷುಬ್ಧವೆಂದು ತೋರುತ್ತಿತ್ತು, ನೀವು ಸೂತ್ರವನ್ನೇ ಬದಲಿಸುತ್ತಿದ್ದಿರಿ, ಕೊನೆಗೆ ನುಣುಪಾದ ಕೊಳವೆಗೆ ಮೀಟರಿಗೆ 450 ಪಾಸ್ಕಲ್ ಎಂಬ ಅಂಕಿ ಸಿಗುತ್ತಿತ್ತು. 32 ಪಟ್ಟಿನ ತಪ್ಪು ಅಲ್ಲಿ ಎರಡೂವರೆ ಪಟ್ಟಿಗೆ ಕುಗ್ಗಿ ಕಾಣುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಪಂಪ್ ಮಾತ್ರ ಸಾಲದೆ ಹೋಗುತ್ತದೆ. ಎಣ್ಣೆ ನೀರಿನಷ್ಟು ತೆಳುವಾಗಿರಲು ಸಾಧ್ಯವೇ ಎಂದು ನೀವು ಮೊದಲ ಹೆಜ್ಜೆಯಲ್ಲಿಯೇ ತಡೆದು ಕೇಳಿದ್ದು ಬಹಳ ಒಳ್ಳೆಯದಾಯಿತು.

ಉತ್ತರ 2:

ಮೇಲಿನ ವಿವರಣೆಗೆ ಒಂದು ಮಾತು ಸೇರಿಸುತ್ತೇನೆ. ಎಣ್ಣೆಗಳ ಮಾಹಿತಿ ಹಾಳೆಗಳಲ್ಲಿ ಸೆಂಟಿಪಾಯ್ಸ್‌ಗಿಂತ ಸೆಂಟಿಸ್ಟೋಕ್ಸ್ ಹೆಚ್ಚಾಗಿ ಕಾಣುತ್ತದೆ. ಅದು ಕೈನಮ್ಯಾಟಿಕ್ ಸ್ನಿಗ್ಧತೆ, ಅಂದರೆ ಡೈನಮಿಕ್ ಸ್ನಿಗ್ಧತೆಯನ್ನು ಸಾಂದ್ರತೆಯಿಂದ ಭಾಗಿಸಿದ ಮೊತ್ತ. ನಿಮ್ಮ ಎಣ್ಣೆಗೆ 59.2ನ್ನು 0.87ರಿಂದ (ಘನ ಸೆಂಟಿಮೀಟರಿಗೆ ಗ್ರಾಂ ಲೆಕ್ಕದ ಸಾಂದ್ರತೆ) ಭಾಗಿಸಿದರೆ ಸುಮಾರು 68 ಸೆಂಟಿಸ್ಟೋಕ್ಸ್ ಆಗುತ್ತದೆ. ನೀರಿಗೆ ಎರಡೂ ಅಂಕಿಗಳು ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಎಲ್ಲ ದ್ರವಗಳಿಗೂ ಹಾಗೆಯೇ ಎಂಬ ಅಭ್ಯಾಸ ಬೆಳೆದುಬಿಡುತ್ತದೆ. ಸಾಂದ್ರತೆಯನ್ನೂ ಅದೇ ಉಷ್ಣಾಂಶದಲ್ಲಿ ತೆಗೆದುಕೊಳ್ಳಬೇಕು.

ಪಾಯ್ಸ್ ಎಂಬ ಹೆಸರು ಫ್ರಾನ್ಸಿನ ವೈದ್ಯ ಹಾಗೂ ಭೌತವಿಜ್ಞಾನಿ ಪ್ವಾಸಯ್ (1797–1869) ಅವರಿಂದ ಬಂದಿದೆ. ರಕ್ತ ಹರಿಯುವ ಬಗೆಯನ್ನು ಅರಿಯಲು ಸಣ್ಣ ನಳಿಗೆಗಳಲ್ಲಿ ದ್ರವದ ಹರಿವನ್ನು ಅಳೆದವರು ಅವರು; ಉತ್ತರ 1ರಲ್ಲಿನ 1,140 ಪಾಸ್ಕಲ್ ಕೂಡ ಅವರ ಹೆಸರಿನ ಸೂತ್ರದಿಂದಲೇ ಬಂದದ್ದು.

ಪ್ರಶ್ನೆ ಕೇಳಿದವರು:

ಇಬ್ಬರಿಗೂ ಧನ್ಯವಾದಗಳು. 47.88 ಹಾಕಿ ಮತ್ತೆ ಲೆಕ್ಕ ಮಾಡಿದೆ, ಎರಡೂ ಅಂಕಿಗಳು ಹೊಂದುತ್ತಿವೆ. ಅದೇ ಕಡತದ ಮತ್ತೊಂದು ಪುಟದಲ್ಲಿ ಎಣ್ಣೆಯ ಸ್ನಿಗ್ಧತೆ ‘310 ಸೇಬೋಲ್ಟ್ ಸೆಕೆಂಡ್’ ಎಂದಿದೆ. ಇದಕ್ಕೂ ಒಂದು ಗುಣಕ ಇದೆಯೇ?

ಉತ್ತರ 3:

ಇಲ್ಲ, ಇದಕ್ಕೆ ಒಂದೇ ಗುಣಕ ಸಾಲದು. ನಿಗದಿತ ರಂಧ್ರದ ಮೂಲಕ 60 ಮಿಲಿಲೀಟರ್ ದ್ರವ ಇಳಿಯಲು ಹಿಡಿಯುವ ಸೆಕೆಂಡುಗಳು ಅವು. ದ್ರವ ತನ್ನ ತೂಕದಿಂದಲೇ ಇಳಿಯುವುದರಿಂದ ಸಿಗುವುದು ಕೈನಮ್ಯಾಟಿಕ್ ಸ್ನಿಗ್ಧತೆಯ ಸೂಚನೆ. ಸಮಯ 100 ಸೆಕೆಂಡಿಗಿಂತ ಹೆಚ್ಚಿದ್ದರೆ, ಅದನ್ನು 0.220ರಿಂದ ಗುಣಿಸಿ, ಬಂದದ್ದರಿಂದ 135ನ್ನು ಅದೇ ಸಮಯದಿಂದ ಭಾಗಿಸಿದ ಮೊತ್ತವನ್ನು ಕಳೆಯುವುದು ರೂಢಿಯಲ್ಲಿರುವ ಸೂತ್ರ. 310ಕ್ಕೆ 68.2ರಿಂದ 0.44 ಕಳೆದು ಸುಮಾರು 67.8 ಸೆಂಟಿಸ್ಟೋಕ್ಸ್ ಬರುತ್ತದೆ, ಸಾಂದ್ರತೆ 0.87ರಿಂದ ಗುಣಿಸಿದರೆ 59 ಸೆಂಟಿಪಾಯ್ಸ್. ಆ ಪುಟದಲ್ಲಿ ಉಷ್ಣಾಂಶ ನಮೂದಾಗಿದೆಯೇ ನೋಡಿ. 100 ಡಿಗ್ರಿ ಫ್ಯಾರನ್‌ಹೀಟ್ ಎಂದಿದ್ದರೆ ಅದು 37.8 ಡಿಗ್ರಿ ಸೆಲ್ಸಿಯಸ್, ನಿಮ್ಮ 40 ಡಿಗ್ರಿಗಿಂತ ಸ್ವಲ್ಪ ಕಡಿಮೆ. ಆಗ 40 ಡಿಗ್ರಿಯಲ್ಲಿ ಎಣ್ಣೆ ಇದಕ್ಕಿಂತ ತುಸು ತೆಳುವಾಗಿರುತ್ತದೆ. ಉಷ್ಣಾಂಶವನ್ನೇ ಬರೆದಿರದಿದ್ದರೆ ಆ ಅಂಕಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ.