ನೀರು ಒಡೆದ ಕೂಡಲೇ ಹೊರಡಬೇಕೇ, ನೋವು ಬರುವವರೆಗೆ ಕಾಯಬಹುದೇ? ಅನುಭವ ಇದ್ದವರು ತಿಳಿಸಿ

ಪೆರ್ಲದ ಸೊಸೆ:
ಚೊಚ್ಚಲ ಹೆರಿಗೆ, 38ನೇ ವಾರ ನಡೆಯುತ್ತಿದೆ. ಮನೆ ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲ ಪೇಟೆಯಿಂದ ಬಹಳ ಒಳಗೆ, ಕೊನೆಯ ಏರು ಮಣ್ಣಿನ ರಸ್ತೆ, ಜೀಪು ಮಾತ್ರ ಬರುತ್ತದೆ. ತೋರಿಸುತ್ತಿರುವುದು ಗಡಿಯಾಚೆ ಮಂಗಳೂರಿನಲ್ಲಿ. ಗಂಡ ದುಬೈಯಲ್ಲಿದ್ದಾರೆ. ನೀರು ಒಡೆದರೆ ಒಂದು ನಿಮಿಷವೂ ನಿಲ್ಲಬಾರದು ಎಂದು ಅತ್ತೆ ಹೇಳುತ್ತಾರೆ. ನೋವಿಲ್ಲದೆ ಹೋದರೆ ಕೊಯ್ದೇ ಕಳುಹಿಸುತ್ತಾರೆ ಎಂದು ಅಮ್ಮ. ಇಬ್ಬರ ನಡುವೆ ನನಗೆ ನಿದ್ದೆ ಇಲ್ಲ. ದಯವಿಟ್ಟು ಹೇಳಿ.

ಬದಿಯಡ್ಕದ ಎರಡು ಮಕ್ಕಳ ತಾಯಿ:
ನಿಮ್ಮ ಅಮ್ಮ ಹೇಳಿದ್ದು ಸರಿ. ನನ್ನ ಕತೆ ಕೇಳಿ. ರಾತ್ರಿ ಊಟ ಮುಗಿಸಿ ಕೈ ತೊಳೆಯುವಾಗ ನೀರು ಒಡೆಯಿತು. ನೋವಿನ ಸುಳಿವೇ ಇರಲಿಲ್ಲ. ನೀರು ತಿಳಿಯಾಗಿತ್ತು, ಮಗು ಚೆನ್ನಾಗಿ ಆಡುತ್ತಿತ್ತು. ಮಾವ ಗಾಬರಿಯಾಗಿ ಮಂಗಳೂರಿಗೆ ಟ್ಯಾಕ್ಸಿ ಕರೆಸಿದರು. ರಾತ್ರಿ ದರ ಎಂದು 3,500 ರೂಪಾಯಿ, ತಲಪಾಡಿಯ ಟೋಲ್ ಬೇರೆ. ದಾಖಲು ಮಾಡಿಕೊಂಡರು, ಮಲಗಿಸಿದರು, ಅಲ್ಲಿಂದ ಗಡಿಯಾರ ಶುರುವಾಯಿತು. ಬಂದವರೆಲ್ಲ ಕೇಳುವುದು ಒಂದೇ, «ನೀರು ಹೋಗಿ ಎಷ್ಟು ಗಂಟೆಯಾಯಿತು?» ಬೆಳಿಗ್ಗೆ ಗರ್ಭಕೋಶದ ಬಾಯಿ ಮೆದುವಾಗಲು ಜೆಲ್ ಇಟ್ಟರು, ಆಮೇಲೆ ನೋವು ಬರಿಸುವ ಡ್ರಿಪ್ ಹಾಕಿದರು. ಬಾಯಿ ಮೂರು ಸೆಂಟಿಮೀಟರ್ ತೆರೆದು ಅಲ್ಲಿಗೇ ನಿಂತಿತು. ಸಂಜೆ ಆಪರೇಷನ್.

ಬಿಲ್ಲು ಈಗಲೂ ಬೀರುವಿನಲ್ಲಿದೆ. ಕೋಣೆ 14,000, ಆಪರೇಷನ್ ಕೊಠಡಿ 18,500, ಅರಿವಳಿಕೆ 9,000, ಡಾಕ್ಟರ ಶುಲ್ಕ 28,000, ಔಷಧ 11,260, ಮಗುವಿನ ಡಾಕ್ಟರಿಗೆ 4,500. ಇನ್ನೊಂದು ಸಾಲು «ಬಳಸಿ ಎಸೆಯುವ ಸಾಮಗ್ರಿ» 6,340. ಏನು ಎಸೆದಿರಿ ಎಂದು ಯಜಮಾನರು ಕೌಂಟರಿನಲ್ಲಿ ಕೇಳಿದ್ದಕ್ಕೆ ಕೈಗವಸು, ಹತ್ತಿ, ಸಿರಿಂಜು ಎಂದರು. 6,340 ರೂಪಾಯಿಯ ಹತ್ತಿ! ಒಟ್ಟು 91,600. ಕೇರಳದ ಆರೋಗ್ಯ ವಿಮೆಯ ಕಾರ್ಡು ಇಲ್ಲಿ ನಡೆಯುವುದಿಲ್ಲ ಎಂದು ಮೊದಲೇ ಹೇಳಿಬಿಟ್ಟಿದ್ದರು. ಮೊದಲನೆಯದು ಹೀಗಾದ್ದರಿಂದ ಎರಡನೆಯದೂ ಆಪರೇಷನ್ನೇ ಆಯಿತು, ಅದರ ಲೆಕ್ಕ ಬೇರೆ ಬರೆಯುತ್ತೇನೆ. ನೋವು ಬರುವವರೆಗೆ ಮನೆಯಲ್ಲಿರುವುದು ಹೆಂಗಸಿನ ಹಕ್ಕು.

ಉಪ್ಪಳದವಳು:
ಬದಿಯಡ್ಕದ ಅಕ್ಕ, ಹಕ್ಕಿನ ಮಾತನ್ನು ನೀರಿನ ಬಣ್ಣ ನೋಡಿದ ಮೇಲೆ ಆಡಿ. ನನ್ನದು ಹೆಸರುಕಾಳು ಬೇಯಿಸಿದ ನೀರಿನ ಬಣ್ಣಕ್ಕಿತ್ತು. ಮನೆಯ ಹಿರಿಯರು ನೋಡಿ «ಶಾಖಕ್ಕೆ ಹಾಗಾಗುತ್ತದೆ, ನೋವು ಹಿಡಿಯಲಿ» ಎಂದು ಜೀರಿಗೆ ಕಷಾಯ ಕುಡಿಸಿ ಕೂರಿಸಿದರು. ಮಗು ಹೊಟ್ಟೆಯೊಳಗೇ ಮಲ ಮಾಡಿತ್ತು. ಹುಟ್ಟುವಾಗ ಅದು ಶ್ವಾಸಕೋಶಕ್ಕೂ ಹೋಗಿತ್ತು. ಅಳಲಿಲ್ಲ. ಗಾಜಿನ ಆ ಕಡೆ ಅದರ ಪಕ್ಕೆಲುಬು ಒಳಕ್ಕೆ ಹೋಗಿ ಹೊರಕ್ಕೆ ಬರುವುದನ್ನು ನೋಡುತ್ತಾ ಗಾಲಿ ಕುರ್ಚಿಯಲ್ಲಿ ಕೂತಿದ್ದೆ.

ನಿಮ್ಮ 91,600ಕ್ಕೆ ಅಳುತ್ತೀರಿ. ನವಜಾತ ಶಿಶುಗಳ ಐಸಿಯುವಿಗೆ ದಿನಕ್ಕೆ 7,500, ಉಸಿರಾಟದ ಯಂತ್ರಕ್ಕೆ ಬೇರೆ 4,000. ಪ್ರತಿ ರಕ್ತಪರೀಕ್ಷೆಗೂ ಕೆಳಗೆ ಹೋಗಿ ಹಣ ಕಟ್ಟಿ ಚೀಟಿ ತಂದ ಮೇಲೆಯೇ ಸೂಜಿ. ಎದೆಯ ಎಕ್ಸ್‌ರೇ ಒಮ್ಮೆ ಸರಿ ಬರಲಿಲ್ಲವೆಂದು ಎರಡನೆಯ ಬಾರಿ ತೆಗೆದು ಎರಡಕ್ಕೂ ಹಣ ತೆಗೆದುಕೊಂಡರು. ಬಳೆಗಳು ಬ್ಯಾಂಕಿಗೆ ಹೋದವು, ಒಂದು ಜೊತೆ ಇನ್ನೂ ಅಲ್ಲೇ ಇದೆ. ಮಗು ಈಗ ಚೆನ್ನಾಗಿದೆ, ದೇವರು ದೊಡ್ಡವನು. ಹಸಿರು, ಕಂದು ಅಥವಾ ರಕ್ತ, ಏನು ಕಂಡರೂ ಯಾರ ಮಾತನ್ನೂ ಕೇಳಬೇಡಿ, ಹೊರಡಿ.

ಹೊಸಂಗಡಿಯ ನಿವೃತ್ತ ನರ್ಸ್:
ಹೆರಿಗೆ ಕೊಠಡಿಯಲ್ಲೇ ತಲೆಕೂದಲು ನರೆಸಿಕೊಂಡವಳು ನಾನು. ತಿಂಗಳು ತುಂಬಿದ ನೂರು ಗರ್ಭಿಣಿಯರಲ್ಲಿ ಎಂಟು ಹತ್ತು ಮಂದಿಗೆ ನೋವಿಗಿಂತ ಮೊದಲೇ ನೀರು ಹೋಗುತ್ತದೆ. ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರಿಗೆ 24 ಗಂಟೆಯೊಳಗೆ ನೋವು ತಾನಾಗಿ ಬರುತ್ತದೆ. ಗಡಿಯಾರ ನೋಡುವುದು ನಿಮ್ಮನ್ನು ಕೊಯ್ಯುವುದಕ್ಕಲ್ಲ. ನೀರಿನ ಚೀಲ ಒಡೆದ ಮೇಲೆ ಹೊತ್ತು ಹೋದಂತೆ ಸೋಂಕು ಮೇಲೇರುವ ಅಪಾಯ ಹೆಚ್ಚುತ್ತದೆ. ಒಳಗೆ ಕೈ ಹಾಕಿ ನೋಡುವುದು ಹೆಚ್ಚಾದಷ್ಟೂ ಇನ್ನೂ ಹೆಚ್ಚುತ್ತದೆ. ಬದಿಯಡ್ಕದವರು ಕೇಳಬೇಕಾಗಿದ್ದದ್ದು ಅದನ್ನು, ಹತ್ತಿಯ ಬೆಲೆಯನ್ನಲ್ಲ.

ಯಾರೂ ಹೇಳದ ಒಂದು ವಿಷಯವಿದೆ. ಮಗುವಿನ ತಲೆ ಕೆಳಗೆ ಇಳಿದು ಕೂತಿರಬೇಕು. ತಲೆ ಮೇಲೇ ತೇಲುತ್ತಿದ್ದರೆ, ಇಲ್ಲವೇ ಮಗು ಅಡ್ಡವಾಗಿಯೋ ಕಾಲು ಕೆಳಗಾಗಿಯೋ ಇದ್ದರೆ, ನೀರಿನ ಜೊತೆ ಹೊಕ್ಕುಳಬಳ್ಳಿ ಜಾರಿ ಬರಬಹುದು. ಹಾಗೇನಾದರೂ ಕೈಗೆ ತಾಗಿದರೆ ಒಳಗೆ ತಳ್ಳಬೇಡಿ, ಎಳೆಯಬೇಡಿ. ಮೊಣಕಾಲು ಊರಿ, ಎದೆ ನೆಲಕ್ಕೆ ತಾಗಿಸಿ, ಸೊಂಟ ಮೇಲಿರುವಂತೆ ಬಾಗಿ. ವಾಹನದಲ್ಲಾದರೆ ಎಡಮಗ್ಗುಲಾಗಿ ಮಲಗಿ ಸೊಂಟದ ಕೆಳಗೆ ದಿಂಬು ಇಟ್ಟುಕೊಳ್ಳಿ, ಹತ್ತಿರದ ಆಪರೇಷನ್ ಕೊಠಡಿಗೆ ಓಡಿ. ಆಗ ಮಂಗಳೂರಿನ ಡಾಕ್ಟರೇ ಬೇಕೆಂಬ ಹಟ ಬೇಡ. 37 ವಾರ ತುಂಬದಿದ್ದರೆ, ಜ್ವರ ಬಂದರೆ, ನೀರು ವಾಸನೆ ಬಂದರೆ, ಮಗುವಿನ ಆಟ ಕಡಿಮೆಯಾದರೆ ಕಾಯುವ ಪ್ರಶ್ನೆಯೇ ಇಲ್ಲ.

ಬದಿಯಡ್ಕದ ಎರಡು ಮಕ್ಕಳ ತಾಯಿ:
ಹೆರಿಗೆ ಕೊಠಡಿಯ ನರ್ಸುಗಳ ಬಾಯಿ ನನಗೂ ಗೊತ್ತು ಸಿಸ್ಟರ್. ನೋವಿಗೆ ಕೂಗಿದರೆ «ಆಗ ಗೊತ್ತಾಗಲಿಲ್ಲವೇ» ಎಂದು ಕೇಳಿದವರೂ ನಿಮ್ಮ ಬಳಗದವರೇ. ಆಗ ನಿಮ್ಮ ಸೋಂಕಿನ ಪಾಠ ಎಲ್ಲಿತ್ತು? ಒಂದೇ ಮಧ್ಯಾಹ್ನ ಎಷ್ಟು ಮಂದಿ ಕೈ ಹಾಕಿ ನೋಡಿದರೆಂದು ನಾನು ಎಣಿಸುವುದನ್ನೇ ಬಿಟ್ಟೆ.

ಹೊಸಂಗಡಿಯ ನಿವೃತ್ತ ನರ್ಸ್:
ಹಾಗೆ ಹೇಳಿದವರು ಹೇಳಿದ್ದು ತಪ್ಪು. ಒಂದೇ ರಾತ್ರಿ ಹನ್ನೆರಡು ಹೆರಿಗೆಗೆ ಇಬ್ಬರೇ ನಿಂತಿದ್ದೂ ಇದೆ. ಅದನ್ನು ಯಾರೂ ಬಿಲ್ಲಿನಲ್ಲಿ ಬರೆಯುವುದಿಲ್ಲ.

ಪೈವಳಿಕೆ ಟೀಚರ್:
ಎಲ್ಲರೂ ಬಕೆಟ್ ಸುರಿದಂತೆ ಹೋಗುತ್ತದೆ ಎಂದೇ ಬರೆಯುತ್ತಿದ್ದೀರಿ. ನನಗೆ ಹನಿ ಹನಿಯಾಗಿ ಹೋಗುತ್ತಿತ್ತು. ಕೆಮ್ಮಿದರೆ ಸ್ವಲ್ಪ, ಎದ್ದರೆ ಸ್ವಲ್ಪ. ಮೂತ್ರವೆಂದು ಎಲ್ಲರೂ ಹೇಳಿದರು, ನಾಚಿಕೆಯಿಂದ ನಾನೂ ಸುಮ್ಮನಿದ್ದೆ. ಕೊನೆಗೆ ಒಗೆದ ಬಿಳಿ ಬಟ್ಟೆ ಇಟ್ಟುಕೊಂಡು ನಡೆದಾಡಿ ನೋಡಿದೆ. ಬಟ್ಟೆ ಒದ್ದೆಯಾಗುತ್ತಲೇ ಇತ್ತು, ಮೂತ್ರದ ವಾಸನೆ ಇಲ್ಲ, ತಡೆಹಿಡಿದರೂ ನಿಲ್ಲುವುದಿಲ್ಲ. ಆಸ್ಪತ್ರೆಯಲ್ಲಿ ಒಂದು ಹಳದಿ ಕಾಗದದ ಚೂರು ತಾಗಿಸಿದರು, ನೀಲಿಯಾಯಿತು. ಚೀಲ ಮೇಲ್ಗಡೆ ತೂತಾಗಿದೆ ಎಂದರು. ಸ್ಕ್ಯಾನಿಂಗ್ ಮಾಡಿ ನೀರು ಎಷ್ಟು ಉಳಿದಿದೆ ಎಂದು ಅಳೆದರು.

ನೀರೆಲ್ಲ ಹೋಗಿ «ಒಣ ಹೆರಿಗೆ» ಆಗುತ್ತದೆ ಎಂದು ನೆರೆಮನೆಯವರು ಹೆದರಿಸಿದ್ದರು. ಹಾಗಾಗುವುದಿಲ್ಲವಂತೆ, ಮಗುವಿನ ಮೂತ್ರದಿಂದಲೇ ಅದು ಮತ್ತೆ ತುಂಬುತ್ತಿರುತ್ತದೆ ಎಂದು ಡಾಕ್ಟರು ಹೇಳಿದರು. ಆಂಟಿಬಯೋಟಿಕ್ ಕೊಟ್ಟರು, ಮರುದಿನ ಹೊತ್ತಾರೆ ತಾನಾಗಿ ನೋವು ಬಂದು ಸಹಜ ಹೆರಿಗೆಯೇ ಆಯಿತು. ಬೇಗ ಹೋದವರಿಗೆಲ್ಲ ಕತ್ತರಿ ಎಂಬುದು ಸುಳ್ಳು.

ಕುಂಬಳೆಯವಳು:
ಎಲ್ಲರಿಗೂ ಮಂಗಳೂರೇ ಏಕೆ? ಕಾಸರಗೋಡಿನ ಸರಕಾರಿ ಆಸ್ಪತ್ರೆಯಲ್ಲಿ ನನ್ನ ಎರಡೂ ಹೆರಿಗೆಗಳಾದವು. ನೀರು ಒಡೆದ ಮೇಲೆ ಮನೆಯಿಂದ ನಿಧಾನವಾಗಿ ಸ್ನಾನ ಮಾಡಿ ಹೋದೆ, ದೂರ ಕಡಿಮೆ. ಸರಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಔಷಧ, ರಕ್ತ, ಆಪರೇಷನ್ ಕೂಡ ಉಚಿತ. 2011ರಿಂದ ದೇಶದಲ್ಲೆಲ್ಲ ಅದೇ ನಿಯಮ. ಹೆತ್ತ ಮೇಲೆ ಮಾತೃಯಾನದ ಗಾಡಿಯಲ್ಲಿ ಮನೆ ಬಾಗಿಲಿಗೆ ಬಿಟ್ಟರು. ನಮಗೆ ಖರ್ಚಾದದ್ದು ಜೊತೆಗೆ ನಿಂತ ಅತ್ತೆಯ ಚಹಾ, ದೋಸೆ, ಒಂದು ಚಾಪೆ, ಒಂದು ಫ್ಲಾಸ್ಕ್. ಫ್ಲಾಸ್ಕ್ ಕಳುವಾಯಿತು, ಅದೊಂದೇ ದುಃಖ.

2020ರ ಮಾರ್ಚ್‌ನಲ್ಲಿ ಕೊರೋನಾ ಎಂದು ತಲಪಾಡಿ ಗಡಿ ಮುಚ್ಚಿ ಒಳದಾರಿಗಳಿಗೆ ಮಣ್ಣು ಸುರಿದಾಗ ನಾನು ಎಂಟು ತಿಂಗಳ ಗರ್ಭಿಣಿ. ಮಂಗಳೂರಿನ ಫೈಲು ಹಿಡಿದು ಕೂತಿದ್ದ ನನ್ನ ನಾದಿನಿ ಗೋಡೆ ನೋಡಿ ಅಳುತ್ತಿದ್ದಳು. ನಾನು ಅಳಲಿಲ್ಲ.

ಉಪ್ಪಳದವಳು:
ನಿಮ್ಮ ಮಗು ಹುಟ್ಟುತ್ತಲೇ ಅತ್ತಿತು, ಅದಕ್ಕೆ ಇಷ್ಟು ಮಾತು. ಉಸಿರಾಡದ ಮಗುವನ್ನು ಮಧ್ಯರಾತ್ರಿ ಅಲ್ಲಿಂದ ಎಲ್ಲಿಗೆ ಕಳುಹಿಸುತ್ತಿದ್ದರು? ಮಂಗಳೂರಿಗೇ. ಅದೇ ಹೆದ್ದಾರಿ, ಅದೇ ಅಗೆದ ಸರ್ವಿಸ್ ರಸ್ತೆ.

ಸೀತಾಂಗೋಳಿ ಕನ್ನಡಿಗ:
ಕುಂಬಳೆಯ ಅಕ್ಕ ಒಂದು ವಿಷಯ ಮರೆತಿದ್ದಾರೆ. ನನ್ನ ಹೆಂಡತಿಗೆ ಸಹಿ ಹಾಕಲು ಕೊಟ್ಟ ಒಪ್ಪಿಗೆ ಪತ್ರ ಮಲಯಾಳದಲ್ಲಿತ್ತು. ಓದಿ ಹೇಳಿ ಎಂದರೆ «ಒಪ್ಪಿಟ್ಟಾಲ್ ಮತಿ» ಎಂದರು, ಸಹಿ ಮಾಡಿದರೆ ಸಾಕಂತೆ. ಹೊಟ್ಟೆ ಕೊಯ್ಯಲು ಸಹಿ, ಅದೂ ಓದಲು ಬಾರದ ಅಕ್ಷರದಲ್ಲಿ! ನಾವು ಭಾಷಾ ಅಲ್ಪಸಂಖ್ಯಾತರು, ಕನ್ನಡದಲ್ಲಿ ಕೇಳುವುದು ಭಿಕ್ಷೆಯಲ್ಲ. ಅದಕ್ಕೇ ಎರಡನೆಯದಕ್ಕೆ ಮಂಗಳೂರಿಗೆ ಹೋದದ್ದು.

ಕುಂಬಳೆಯವಳು:
ಮಂಗಳೂರಿನಲ್ಲಿ ಕನ್ನಡದಲ್ಲಿ ಕೊಟ್ಟರೇ? ಇಂಗ್ಲಿಷಿನಲ್ಲಿ ಕೊಟ್ಟಿರುತ್ತಾರೆ, ನೀವು ಅದಕ್ಕೆ ಸುಮ್ಮನೆ ಸಹಿ ಹಾಕಿರುತ್ತೀರಿ. ಇನ್ನು ಜನನ ಪ್ರಮಾಣಪತ್ರಕ್ಕೆ ಗಡಿ ದಾಟಿ ಅಲೆಯಿರಿ.

ಸೀತಾಂಗೋಳಿ ಕನ್ನಡಿಗ:
ಜನನ ನೋಂದಣಿ ಹುಟ್ಟಿದ ಜಾಗದಲ್ಲೇ ಆಗಬೇಕು, 1969ರ ಕಾಯಿದೆ ಹಾಗೆ ಹೇಳುತ್ತದೆ. 21 ದಿನದೊಳಗೆ ಆಸ್ಪತ್ರೆಯವರೇ ಮಾಹಿತಿ ಕಳುಹಿಸಿದರು. ಅಲೆದದ್ದು ಹೆಸರಿನ ಕಾಗುಣಿತಕ್ಕೆ. ಅಲ್ಲಿ ಬರೆದವನಿಗೆ ಸೀತಾಂಗೋಳಿ ಎಂಬ ಊರೇ ಗೊತ್ತಿಲ್ಲ.

ಪೆರ್ಲದ ಸೊಸೆ:
ದಯವಿಟ್ಟು ಜಗಳ ಬೇಡ. ನರ್ಸ್ ಅಮ್ಮ, ನನ್ನ ಕಳೆದ ವಾರದ ಚೀಟಿಯಲ್ಲಿ «ತಲೆ ಇನ್ನೂ ಕೂತಿಲ್ಲ» ಎಂಬ ಅರ್ಥದಲ್ಲಿ ಬರೆದಿದೆ. ಚೊಚ್ಚಲಾದರೂ ಹೀಗಿರುತ್ತದೆಯೇ? ಹಾಗಾದರೆ ನಾನು ಕಾಯುವಂತಿಲ್ಲವೇ?

ಅಡೂರಿನ ಜೀಪು:
ಟ್ಯಾಕ್ಸಿಯವರನ್ನು ಬೈದದ್ದಕ್ಕೆ ಬರೆಯುತ್ತಿದ್ದೇನೆ. ದೇಲಂಪಾಡಿ, ಅಡೂರು ಕಡೆಯ ಗುಡ್ಡಗಳಿಂದ ಹೆರಿಗೆಗೆ ಕರೆದೊಯ್ಯುವುದು ನನ್ನ ಜೀಪು. ಜಾಲ್ಸೂರು ಮಾರ್ಗವಾಗಿ ಸುಳ್ಯಕ್ಕೆ ಹೋಗುತ್ತೇವೆ, ಹತ್ತಿರ ಅದೇ. ರಾತ್ರಿ ಎರಡು ಗಂಟೆಗೆ ಫೋನು ಬಂದರೂ ಹೊರಡುತ್ತೇನೆ. ಹಿಂದಿನ ಸೀಟಿಗೆ ಟಾರ್ಪಾಲು, ಅದರ ಮೇಲೆ ಹಳೆಯ ಸೀರೆ, ಎಲ್ಲ ನನ್ನದೇ. ಒಮ್ಮೆ ಮಳೆಗಾಲದಲ್ಲಿ ತೋಡಿನ ಸೇತುವೆ ಮುಳುಗಿ ಸುತ್ತಿ ಬರುವಾಗ ಮಗು ಜೀಪಿನಲ್ಲೇ ಹುಟ್ಟಿತು. ಜೊತೆಗಿದ್ದ ಆಶಾ ಕಾರ್ಯಕರ್ತೆ ಮಗುವನ್ನು ಒರೆಸಿ ತಾಯಿಯ ಎದೆಗೆ ಹಾಕಿ ಸೆರಗು ಹೊದಿಸಿದರು, ಬಳ್ಳಿ ಮುಟ್ಟಲೇ ಇಲ್ಲ. ಆ ಮನೆಯವರು ಬಾಡಿಗೆ ಕೊಟ್ಟದ್ದು ಅಡಿಕೆ ಮಾರಿದ ಮೇಲೆ.

ಪೆರ್ಲದ ತಂಗಿ, ಮಂಗಳೂರಿಗೆ ಹೋಗುವವರೆಗೆ ತಡೆಯದಂತಾದರೆ ಸ್ವರ್ಗ, ಪಾಣಾಜೆ ದಾರಿಯಲ್ಲಿ ಪುತ್ತೂರು ಹತ್ತಿರ. ಜೀಪಿನವನಿಗೆ ಈಗಲೇ ಹೇಳಿಡಿ, ರಾತ್ರಿ ಅವನ ಮೊಬೈಲಿಗೆ ಸಿಗ್ನಲ್ ಇರುತ್ತದೆಯೇ ಕೇಳಿ. ನನ್ನ ಮನೆಯಲ್ಲಿ ಮಾವಿನ ಮರದ ಬುಡದಲ್ಲಿ ಮಾತ್ರ ಸಿಗುತ್ತದೆ.

ಹೊಸಂಗಡಿಯ ನಿವೃತ್ತ ನರ್ಸ್:
ಪೆರ್ಲದ ಮಗಳೇ, ಚೊಚ್ಚಲಲ್ಲಿ ತಲೆ ಈಗಾಗಲೇ ಇಳಿದಿರುವುದು ಸಾಮಾನ್ಯ, ಆದರೆ ಕೆಲವರಿಗೆ ನೋವು ಶುರುವಾದ ಮೇಲೆಯೇ ಇಳಿಯುತ್ತದೆ. ಹೆದರಬೇಡ. ನಾಳೆಯೇ ನಿನ್ನ ಡಾಕ್ಟರಿಗೆ ಫೋನು ಮಾಡಿ ಇದನ್ನೇ ಕೇಳು. ತಲೆ ಕೂರುವ ಮೊದಲು ನೀರು ಒಡೆದರೆ ಕಾಯಬೇಡ, ಗಂಟೆ ಬರೆದಿಟ್ಟುಕೊಂಡು ಮಲಗಿಕೊಂಡೇ ಹೊರಡು. ಇನ್ನೊಂದು ವಾರದಲ್ಲಿ ಪೆರ್ಲ ಪೇಟೆಯಲ್ಲೋ ಪುತ್ತೂರಿನಲ್ಲೋ ನೆಂಟರ ಮನೆಯಿದ್ದರೆ ಅಲ್ಲಿ ಹೋಗಿ ಇರು, ಆ ಮಣ್ಣಿನ ಏರು ತಪ್ಪುತ್ತದೆ. ನಿನ್ನ ಅತ್ತೆಗೂ ಅಮ್ಮನಿಗೂ ಇದನ್ನೇ ಓದಿ ಹೇಳು.

ಬದಿಯಡ್ಕದ ಎರಡು ಮಕ್ಕಳ ತಾಯಿ:
ತಲೆ ಕೂತಿಲ್ಲವೆಂದರೆ ಬೇರೆ ಮಾತು, ಅದನ್ನು ಮೊದಲೇ ಬರೆಯಬೇಕಿತ್ತು. ಜೀಪಿನ ಅಣ್ಣ, ನೀವು ಟಾರ್ಪಾಲು ಹಾಕಿದಿರಿ, ಒಪ್ಪುತ್ತೇನೆ. ನಮ್ಮವನು ಸೀಟು ಒದ್ದೆಯಾಯಿತೆಂದು ತೊಳೆಯುವುದಕ್ಕೆ 300 ಬೇರೆ ತೆಗೆದುಕೊಂಡ. ಬದಿಯಡ್ಕದಿಂದ ಮಂಗಳೂರಿಗೆ 3,500 ಯಾವ ನ್ಯಾಯ?

ಅಡೂರಿನ ಜೀಪು:
300 ತೆಗೆದುಕೊಂಡದ್ದು ಅನ್ಯಾಯ. 3,500 ಅನ್ಯಾಯವಲ್ಲ. ಬರುವಾಗ ಗಾಡಿ ಖಾಲಿ, ಡೀಸೆಲ್ ಎರಡೂ ಕಡೆಗೆ, ಟೋಲ್ ಎರಡೂ ಕಡೆಗೆ, ಬೆಳಿಗ್ಗೆ ಶಾಲೆಯ ಮಕ್ಕಳ ಟ್ರಿಪ್ಪಿಗೆ ಮತ್ತೆ ಏಳಬೇಕು.

ಬದಿಯಡ್ಕದ ಎರಡು ಮಕ್ಕಳ ತಾಯಿ:
ಟೋಲ್ ಎರಡೂ ಕಡೆಯದ್ದನ್ನು ನಾವೇ ಕೊಟ್ಟಿದ್ದೇವೆ. ಚೀಟಿ ಬಿಲ್ಲಿನ ಜೊತೆಗೇ ಇದೆ, ಬೇಕಾದರೆ ಫೋಟೋ ಹಾಕುತ್ತೇನೆ.