ಸಹಾಯ ಬೇಕು: ಮನೇಲಿ ಬಿಯರ್ ಮಾಡೋಕೆ 30 ಲೀಟರ್ ಮ್ಯಾಶ್ ಟನ್‌ನಲ್ಲಿ 8 ಕಿಲೋ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಧಾನ್ಯ) ಹಿಡಿಯುತ್ತಾ?

ಮ್ಯಾಶ್ ಟನ್ ಅಂದ್ರೆ ಮಾಲ್ಟನ್ನ ಬಿಸಿನೀರಲ್ಲಿ ನೆನೆಸಿ ಸಕ್ಕರೆ ಬಿಡಿಸೋ ಪಾತ್ರೆ; ನನ್ನದು ಕಂಠದವರೆಗೆ ತುಂಬಿದರೆ ಸರಿಯಾಗಿ 30 ಲೀಟರ್ ಹಿಡಿಯುವ, ಬಿಸಿ ಕಾಯೋ ಕೂಲರ್ ಡಬ್ಬಿ. ಫಾಲ್ಸ್ ಬಾಟಮ್ (ತಳದ ಮೇಲಿಡೋ ತೂತಿನ ಜರಡಿ ತಟ್ಟೆ) ಕೆಳಗೇ 2 ಲೀಟರ್ ನಿಲ್ಲುತ್ತೆ. ಹಾಕಬೇಕಿರೋದು 5 ಕಿಲೋ ಬಾರ್ಲಿ ಮಾಲ್ಟ್, 3 ಕಿಲೋ ಗೋಧಿ ಮಾಲ್ಟ್.

ಒಂದು ಕಿಲೋ ಒಣ ಮಾಲ್ಟ್ ನೀರಿಗೆ ಬಿದ್ದ ಮೇಲೆ ಸುಮಾರು 0.67 ಲೀಟರ್ ಜಾಗ ತಿನ್ನುತ್ತೆ, ಅಂದ್ರೆ 8 ಕಿಲೋಗೆ 5.4 ಲೀಟರ್. ಕಿಲೋಗೆ 3 ಲೀಟರ್ ನೀರು ಹಿಡಿದರೆ 24 + 2 + 5.4 = 31.4, ಉಕ್ಕಿ ಹೋಗುತ್ತೆ. 2.5 ಲೀಟರ್‌ಗೆ ಇಳಿಸಿದರೆ 27.4. ಮೇಲೆ ಉಳಿಯೋದು 2.6 ಲೀಟರ್ ಜಾಗ ಅಷ್ಟೇ. ಇಷ್ಟರಲ್ಲಿ ತಳದ ತನಕ ಕಲಕಿ ಉಂಡೆ ಒಡೆಯೋಕೆ ಆಗುತ್ತಾ? ಒಳಗೆ ಒಣ ಹಿಟ್ಟು ಉಳಿದ ಉಂಡೆಯಿಂದ ಸಕ್ಕರೆ ಬರೋದೇ ಇಲ್ಲ, ನನ್ನ ಮುಖ್ಯ ಚಿಂತೆ ಅದೇ.

ಗೋಧಿಗೆ ಸಿಪ್ಪೆ ಇಲ್ಲದ್ದರಿಂದ ಗಟ್ಟಿ ಮ್ಯಾಶ್ (ಮಾಲ್ಟ್-ನೀರಿನ ಮಿಶ್ರಣ) ಸೋಸುವಾಗ ಕಟ್ಟಿಕೊಳ್ಳೋ ಭಯವೂ ಇದೆ. 250 ಗ್ರಾಂ ಭತ್ತದ ಹೊಟ್ಟು ಸೇರಿಸೋಣ ಅಂದ್ರೆ ಅದಕ್ಕೂ ಜಾಗ ಬೇಕು.

ಕೊನೆಯಲ್ಲಿ ಕುದಿನೀರು ಸುರಿದು ಮ್ಯಾಶನ್ನ 66ರಿಂದ 76 ಡಿಗ್ರಿಗೆ ಏರಿಸೋದು ಬಿಟ್ಟೇಬಿಟ್ಟೆ, ಅದಕ್ಕೇ ಸುಮಾರು 10 ಲೀಟರ್ ಬೇಕು. ಕುದಿಸೋ ಮುಂಚೆ 27 ಲೀಟರ್ ವರ್ಟ್ (ಸೋಸಿ ಬರೋ ಸಿಹಿ ರಸ) ಬೇಕಿರೋದ್ರಿಂದ 15 ಲೀಟರ್ ಸ್ಪಾರ್ಜ್ ನೀರನ್ನ (ಮಾಲ್ಟ್‌ನಲ್ಲಿ ಉಳಿದ ಸಕ್ಕರೆ ತೊಳೆಯೋ ಬಿಸಿನೀರು) ಎರಡು ಸಲಕ್ಕೆ ಹಾಕ್ತೀನಿ.

ಇನ್ನೊಂದು ದಾರಿ: 1.5 ಕಿಲೋ ಬಾರ್ಲಿ ಮಾಲ್ಟ್ ಕಡಿಮೆ ಮಾಡಿ, ಬದಲಿಗೆ ಕುದಿಯುವಾಗ ಸುಮಾರು 900 ಗ್ರಾಂ ವರ್ಟ್ ಒಣಗಿಸಿದ ಪುಡಿ, ಅಂದ್ರೆ ಒಣ ಮಾಲ್ಟ್ ಎಕ್ಸ್‌ಟ್ರಾಕ್ಟ್ ಹಾಕೋದು. ಆದ್ರೆ ಗೋಧಿಯ ಪಾಲು ಇನ್ನೂ ಹೆಚ್ಚಾಗುತ್ತೆ. ಇಷ್ಟು ತುಂಬಿಸಿ ಮ್ಯಾಶ್ ಮಾಡಿದವರು ಯಾವುದು ವಾಸಿ ಅಂತ ದಯವಿಟ್ಟು ಹೇಳಿ.