ಆ 24 ಸೆಕೆಂಡಿನ ವಿಡಿಯೊ: ಹಳೆ ವಿದ್ಯಾರ್ಥಿಗಳ ಗುಂಪಿನಲ್ಲಿ ನಡೆದ ಮಾತು

ಗುಂಪು: ಮಡಿಕೇರಿ ಪತ್ರಿಕೋದ್ಯಮ, ಹಳೆ ವಿದ್ಯಾರ್ಥಿಗಳು

ತಿಮ್ಮಯ್ಯ, ಸಂಜೆ 7:42
[ವಿಡಿಯೊ · 24 ಸೆಕೆಂಡ್ · ಹಲವು ಬಾರಿ ಫಾರ್ವರ್ಡ್ ಮಾಡಲಾಗಿದೆ]
ಎಲ್ಲರೂ ನೋಡಿ. ಕೊಡವ ಸಮುದಾಯದಿಂದ ಸಿನಿಮಾಕ್ಕೆ ಬಂದವರಲ್ಲಿ ತಾನೇ ಮೊದಲು ಅಂತ ಸಂದರ್ಶನದಲ್ಲಿ ಹೇಳಿದ್ದಾಳೆ ರಶ್ಮಿಕಾ. ಹಾಗಾದರೆ ಪ್ರೇಮಾ ಯಾರು? ಡೈಸಿ ಬೋಪಣ್ಣ, ನಿಧಿ ಸುಬ್ಬಯ್ಯ, ಹರ್ಷಿಕಾ ಪೂಣಚ್ಚ ಎಲ್ಲ ಯಾರು? ಸರಿಯಾಗಿ ಉಗಿದಿದ್ದಾರೆ.

ಕಾವೇರಮ್ಮ, 7:51
ತಿಮ್ಮಣ್ಣ, ಆ ಮಾತು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಪ್ರೇಮಾ 1995ರಲ್ಲೇ ತೆರೆಗೆ ಬಂದವರು. ರಶ್ಮಿಕಾ ಬಂದದ್ದು 2016ರ ಕೊನೆಗೆ. ತಿದ್ದಲು ಇಷ್ಟು ಸಾಕು. ಈ ವಿಡಿಯೊದಲ್ಲಿ ಇದು ಎಲ್ಲಿದೆ ತೋರಿಸಿ. ಮೊದಲ 5 ಸೆಕೆಂಡ್ ಅವರ ಮಾತು. ಉಳಿದ 19 ಸೆಕೆಂಡ್ ಮುರಿದುಹೋದ ನಿಶ್ಚಿತಾರ್ಥದ ಫೋಟೊ, ಮನೆಯವರ ಫೋಟೊ, ಈಜುಡುಗೆಯ ಫೋಟೊ. ಪ್ರೇಮಾ ಹೆಸರು ಒಂದು ಸಲವೂ ಬರುವುದಿಲ್ಲ.

ತಿಮ್ಮಯ್ಯ, 7:55
ಸಾರ್ವಜನಿಕ ಜೀವನಕ್ಕೆ ಬಂದ ಮೇಲೆ ನಾಲ್ಕು ಮಾತು ಕೇಳಲೇಬೇಕು ಕಾವೇರಿ. ಗಂಡಸರನ್ನೂ ಬೈಯುತ್ತಾರೆ.

ಕಾವೇರಮ್ಮ, 7:58
ಬೈಯುತ್ತಾರೆ. ಸಿನಿಮಾ ಸೋತರೆ ಸಿನಿಮಾಕ್ಕೆ ಬೈಯುತ್ತಾರೆ, ಮಾತು ತಪ್ಪಿದರೆ ಆ ಮಾತಿಗೆ ಬೈಯುತ್ತಾರೆ. ಹೆಂಗಸು ಮಾತು ತಪ್ಪಿದರೆ ದೇಹಕ್ಕೂ ಮದುವೆಗೂ ಅಪ್ಪ ಅಮ್ಮನಿಗೂ ಬೈಯುತ್ತಾರೆ. ತಪ್ಪು ಒಂದು ಕಡೆ, ಶಿಕ್ಷೆ ಇನ್ನೊಂದು ಕಡೆ. ನನ್ನ ತಕರಾರು ಅಷ್ಟೇ.

ಹರೀಶ, 8:10
ಎಡಿಟಿಂಗ್ ಕಣ್ಣಿನಿಂದ ನೋಡಿ ಹೇಳುತ್ತೇನೆ. ಮೊದಲ ಮಾತನ್ನು ಮೂಲ ವೇಗದಲ್ಲಿ ಬಿಟ್ಟಿಲ್ಲ, ನಿಧಾನ ಮಾಡಿದ್ದಾರೆ. ನಗುವನ್ನು ಎಳೆದರೆ ಮುಖದಲ್ಲಿ ಸೊಕ್ಕು ಕಾಣುತ್ತದೆ. ಜತೆಗೆ ಫ್ರೇಮನ್ನು ಮುಖದ ಹತ್ತಿರಕ್ಕೆ ತಂದಿದ್ದಾರೆ, ಹಾಗಾಗಿ ಪ್ರಶ್ನೆ ಕೇಳಿದವರೂ ಇಲ್ಲ, ಮೈಕಿನ ಮೇಲಿನ ಲಾಂಛನವೂ ಇಲ್ಲ. ಯಾವ ಸಂದರ್ಶನ, ಯಾವ ದಿನದ್ದು ಅಂತ ಹುಡುಕಲು ನೋಡುವವನಿಗೆ ಒಂದು ಸುಳಿವೂ ಉಳಿಯುವುದಿಲ್ಲ. 30 ಸೆಕೆಂಡಿನ ಒಳಗೆ ಮುಗಿಸುವುದಕ್ಕೂ ಕಾರಣ ಉಂಟು: ರೀಲ್ ತಾನೇ ಮೊದಲಿನಿಂದ ಓಡುತ್ತದೆ, ಒಬ್ಬ ಎರಡು ಮೂರು ಸಲ ನೋಡಿದ ಹಾಗೆ ಲೆಕ್ಕ ಬೀಳುತ್ತದೆ.

ಕೊನೆಯಲ್ಲಿ ‘ನೀವೇನಂತೀರಿ?’ ಅಂತ ಬರೆದದ್ದು ಕಮೆಂಟಿಗೆ. ನಟನೆಯ ಬಗ್ಗೆ ಬರೆಯಬೇಕಾದರೆ ಸಿನಿಮಾ ನೋಡಿರಬೇಕು. ಬ್ಯಾಡ್ಮಿಂಟನ್ ಬಗ್ಗೆ ಬರೆಯಬೇಕಾದರೆ ಆಟ ಗೊತ್ತಿರಬೇಕು. ಹೆಣ್ಣಿನ ಬಟ್ಟೆ, ಮದುವೆ ಬಗ್ಗೆ ಬರೆಯಲು ಏನೂ ಗೊತ್ತಿರಬೇಕಾಗಿಲ್ಲ. ಆದ್ದರಿಂದ ಅಲ್ಲಿ ಕಮೆಂಟ್ ರಾಶಿ ಬೀಳುತ್ತದೆ, ರಾಶಿ ಬಿದ್ದದ್ದನ್ನು ಆ್ಯಪ್ ಇನ್ನಷ್ಟು ಜನರ ಮುಂದೆ ತಳ್ಳುತ್ತದೆ. ಪೇಜ್ ನಡೆಸುವವರಿಗೆ ಇದು ಚೆನ್ನಾಗಿ ಗೊತ್ತು.

ಇನ್ನೊಂದು ವಿಷಯ. 17ನೇ ಸೆಕೆಂಡಿನ ಈಜುಡುಗೆ ಫೋಟೊ ಅವರದ್ದಲ್ಲ. ಒಂದು ಕಿವಿಯಲ್ಲಿ ಓಲೆ ಉಂಟು, ಇನ್ನೊಂದರಲ್ಲಿ ಅರ್ಧ ಕರಗಿದೆ. ಕತ್ತಿನ ಮೇಲೆ ಬೆಳಕು ಎಡದಿಂದ, ಮುಖದ ಮೇಲೆ ಬಲದಿಂದ. ಹಣೆಯ ಕೂದಲಿನ ಅಂಚು ಮಂಜಾಗಿದೆ. ಮುಖ ಅಂಟಿಸಿದ್ದು.

ತಿಮ್ಮಯ್ಯ, 8:16
ಅದು ನನಗೆ ಗೊತ್ತಿರಲಿಲ್ಲ. ಆದರೆ ಅವಳು ಆ ಮಾತು ಹೇಳಿದ್ದಂತೂ ನಿಜ ತಾನೆ?

ಹರೀಶ, 8:21
ನಿಜ. ನಿಜದ ಪಕ್ಕ ಕೂರಿಸಿದರೆ ಸುಳ್ಳನ್ನೂ ನಂಬುತ್ತಾರೆ ಅಂತಲೇ ಹೀಗೆ ಜೋಡಿಸುವುದು ತಿಮ್ಮಣ್ಣ.

2023ರ ನವೆಂಬರಿನ ಲಿಫ್ಟ್ ವಿಡಿಯೊ ನೆನಪಿರಬಹುದು. ಅದು ಝಾರಾ ಪಟೇಲ್ ಎಂಬ ಬ್ರಿಟಿಷ್-ಭಾರತೀಯ ಮಹಿಳೆ ಅಕ್ಟೋಬರಿನಲ್ಲಿ ತನ್ನ ಖಾತೆಗೆ ಹಾಕಿಕೊಂಡಿದ್ದ ವಿಡಿಯೊ. ಅದಕ್ಕೆ ರಶ್ಮಿಕಾ ಮುಖ ಹೊಂದಿಸಿದ್ದರು. ಲಿಫ್ಟಿನ ಒಳಗೆ ಬರುವ ಮೊದಲ ಕ್ಷಣದಲ್ಲಿ ಮೂಲ ಮುಖವೇ ಕಾಣುತ್ತದೆ, ಆಮೇಲೆ ಬದಲಾಗುತ್ತದೆ. ಫ್ರೇಮ್ ಫ್ರೇಮಾಗಿ ನೋಡಿದ ಫ್ಯಾಕ್ಟ್‌ಚೆಕ್ ಪತ್ರಕರ್ತರು ಹಿಡಿದದ್ದು ಅಲ್ಲೇ. ದೆಹಲಿ ಪೊಲೀಸರು 2024ರ ಜನವರಿಯಲ್ಲಿ ಆಂಧ್ರದಲ್ಲಿ ಒಬ್ಬನನ್ನು ಬಂಧಿಸಿದರು. ಪೊಲೀಸರ ಹೇಳಿಕೆಯ ಪ್ರಕಾರ ಅವನು ನಡೆಸುತ್ತಿದ್ದದ್ದು ರಶ್ಮಿಕಾ ಅಭಿಮಾನಿಗಳ ಪೇಜ್. ಆ ವಿಡಿಯೊ ಹಾಕಿದ ಎರಡು ವಾರದಲ್ಲಿ ಫಾಲೋವರ್ಸ್ ಸುಮಾರು 90 ಸಾವಿರದಿಂದ 1 ಲಕ್ಷ 8 ಸಾವಿರಕ್ಕೆ ಏರಿತ್ತು. ದ್ವೇಷವೇ ಬೇಕಾಗಿರಲಿಲ್ಲ, ಅಭಿಮಾನಿ ಪೇಜಿಗೂ ಹೆಣ್ಣಿನ ಮಾನ ಸರಕೇ ಆಯಿತು. ಝಾರಾ ಪಟೇಲ್ ಹೆಸರನ್ನಂತೂ ಆಮೇಲೆ ಎಷ್ಟು ಜನ ನೆನಪಿಟ್ಟುಕೊಂಡರು? ದೇಹ ಅವರದ್ದಾಗಿತ್ತು.

ಚಂಗಪ್ಪ, 8:30
ಸಿನಿಮಾದವರು ಬಿಡಿ, ಆಟದವರಿಗೂ ಇದೇ. ನಮ್ಮ ಅಶ್ವಿನಿ ನಾಚಪ್ಪ 1988ರಲ್ಲಿ ಅರ್ಜುನ ಪ್ರಶಸ್ತಿ ಪಡೆದವರು, 1990ರ ಬೀಜಿಂಗ್ ಏಷ್ಯನ್ ಗೇಮ್ಸ್‌ನಲ್ಲಿ ರಿಲೇ ಬೆಳ್ಳಿ ಗೆದ್ದವರು. ಪತ್ರಿಕೆಗಳಿಗೆ ಮಾತ್ರ ಅವರು ‘ಭಾರತದ ಫ್ಲೋಜೋ’, ಅಂದರೆ ಅಮೆರಿಕದ ಓಟಗಾರ್ತಿ ಫ್ಲಾರೆನ್ಸ್ ಗ್ರಿಫಿತ್ ಜಾಯ್ನರ್. ಓಟದ ಸಮಯ ಎಷ್ಟು, ಬ್ಯಾಟನ್ ಯಾರಿಗೆ ಕೊಟ್ಟರು ಅನ್ನುವುದಕ್ಕಿಂತ ಉಡುಪು, ಉಗುರಿನದ್ದೇ ವರ್ಣನೆ.

ತಿಮ್ಮಯ್ಯ, 8:33
ಅವರೂ ತೆಲುಗು ಸಿನಿಮಾದಲ್ಲಿ ನಾಯಕಿಯಾಗಿ ಮಾಡಿದವರಲ್ಲವಾ? ಗ್ಲಾಮರ್ ಬೇಡ ಅಂದಿದ್ದರೆ ಆ ಕಡೆ ಯಾಕೆ ಹೋಗಬೇಕಿತ್ತು?

ಚಂಗಪ್ಪ, 8:38
ಸಿನಿಮಾ ಅವರ ಆಯ್ಕೆ, ಅಲ್ಲಿ ನಟನೆಯನ್ನು ಅಳೆಯಲಿ. ಟ್ರ್ಯಾಕಿನ ಮೇಲೆ ಓಟವನ್ನು ಅಳೆಯಬೇಕು. ಒಂದು ಕಡೆ ಕ್ಯಾಮೆರಾ ಮುಂದೆ ನಿಂತದ್ದಕ್ಕೆ ಇನ್ನೊಂದು ಕಡೆಯ ಸಾಧನೆಯನ್ನು ಪಕ್ಕಕ್ಕಿಡುವುದು ಯಾವ ನ್ಯಾಯ?

ಆಯ್ಕೆಯೇ ಇಲ್ಲದ ಕಡೆಯೂ ಹೀಗೇ ಮಾಡಿದ್ದಾರೆ. ವಿಶ್ವ ಬ್ಯಾಡ್ಮಿಂಟನ್ ಫೆಡರೇಶನ್ 2011ರಲ್ಲಿ ದೊಡ್ಡ ಟೂರ್ನಿಗಳಲ್ಲಿ ಆಟಗಾರ್ತಿಯರು ಸ್ಕರ್ಟ್ ಹಾಕಲೇಬೇಕು ಅಂತ ನಿಯಮ ತಂದಿತು. ಮಹಿಳೆಯರ ಆಟ ಆಕರ್ಷಕವಾಗಿ ಕಾಣಬೇಕು, ಪ್ರಚಾರ ಸಿಗಬೇಕು ಅನ್ನುವುದೇ ಕೊಟ್ಟ ಕಾರಣ. ಆಟಗಾರ್ತಿಯರೂ ಹಲವು ದೇಶಗಳೂ ವಿರೋಧಿಸಿದ ಮೇಲೆ ಮುಂದೂಡಿ, 2012ರಲ್ಲಿ ಕೈಬಿಟ್ಟರು. ಅದೇ 2011ರಲ್ಲಿ ಅಶ್ವಿನಿ ಪೊನ್ನಪ್ಪ, ಜ್ವಾಲಾ ಗುಟ್ಟಾ ಲಂಡನ್ನಿನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕಂಚು ಗೆದ್ದರು. ಮಹಿಳಾ ಡಬಲ್ಸ್‌ನಲ್ಲಿ ಭಾರತಕ್ಕೆ ಮೊದಲ ಪದಕ ಅದು. ಹಿಂದಿನ ವರ್ಷ ದೆಹಲಿ ಕಾಮನ್‌ವೆಲ್ತ್ ಚಿನ್ನವನ್ನೂ ಗೆದ್ದಿದ್ದರು. ಜ್ವಾಲಾ ಬಗ್ಗೆ ಆ ಕಾಲದ ಸುದ್ದಿ ಹುಡುಕಿ ನೋಡಿ, ಡಬಲ್ಸ್‌ನಲ್ಲಿ ಅವರು ಕೋರ್ಟಿನ ಯಾವ ಭಾಗ ನೋಡಿಕೊಳ್ಳುತ್ತಿದ್ದರು ಅನ್ನುವುದಕ್ಕಿಂತ ಯಾರ ಜತೆ ಓಡಾಡುತ್ತಿದ್ದರು ಅನ್ನುವುದೇ ಹೆಚ್ಚು ಸಿಗುತ್ತದೆ.

2017ರಲ್ಲಿ ವಿಶ್ವಕಪ್‌ಗೆ ಮೊದಲು ಮಿಥಾಲಿ ರಾಜ್‌ಗೆ ‘ನಿಮ್ಮ ಮೆಚ್ಚಿನ ಪುರುಷ ಕ್ರಿಕೆಟಿಗ ಯಾರು’ ಅಂತ ಕೇಳಿದರು. ಗಂಡು ಕ್ರಿಕೆಟಿಗರಿಗೆ ಅವರ ಮೆಚ್ಚಿನ ಆಟಗಾರ್ತಿ ಯಾರು ಅಂತ ಕೇಳುತ್ತೀರಾ ಅಂತ ಅವರು ತಿರುಗಿ ಕೇಳಿದ್ದು ಸರಿಯಾಗಿಯೇ ಇತ್ತು.

ತಿಮ್ಮಯ್ಯ, 8:44
ಓದುಗರಿಗೆ ಬೇಕಾದ್ದನ್ನು ಪತ್ರಿಕೆ ಕೊಡುತ್ತದೆ. ಓದುವವರಿಲ್ಲದಿದ್ದರೆ ಬರೆಯುತ್ತಾರಾ?

ಕಾವೇರಮ್ಮ, 8:57
ಡೆಸ್ಕಿನಲ್ಲಿ ಅದು ಹೇಗೆ ತಯಾರಾಗುತ್ತದೆ ಅಂತ ಬರೆಯುತ್ತೇನೆ, ಆಮೇಲೆ ಓದುಗರಿಗೆ ಬೇಕಿತ್ತಾ ಅಂತ ನೀವೇ ಹೇಳಿ.

ನಟಿಯೊಬ್ಬರು ಒಂದು ಫೋಟೊ ಹಾಕುತ್ತಾರೆ. ಸಾವಿರ ಕಮೆಂಟಿನಲ್ಲಿ ಕೆಟ್ಟದಾಗಿರುವ ಮೂರನ್ನೋ ನಾಲ್ಕನ್ನೋ ಆರಿಸುತ್ತಾರೆ. ಶೀರ್ಷಿಕೆಗೆ ‘ನೆಟ್ಟಿಗರು ಗರಂ’ ಬೀಳುತ್ತದೆ. ಮೂರು ಜನ ಊರೇ ಆಗಿಬಿಡುತ್ತಾರೆ. ಆಧಾರವಿಲ್ಲದ ಮಾತಿದ್ದರೆ ಕೊನೆಗೊಂದು ಪ್ರಶ್ನೆಚಿಹ್ನೆ: ‘ಮದುವೆ ಮುರಿಯಿತೇ?’ ನಾವು ಕೇಳಿದ್ದಷ್ಟೇ, ಹೇಳಲಿಲ್ಲ ಅನ್ನುವುದಕ್ಕೆ ಆ ಚಿಹ್ನೆ. ಓದಿದವನ ತಲೆಯಲ್ಲಿ ಪ್ರಶ್ನೆಚಿಹ್ನೆ ಉಳಿಯುವುದಿಲ್ಲ, ಮುರಿದ ಮದುವೆ ಉಳಿಯುತ್ತದೆ. ಕೆಳಗೆ ಸುದ್ದಿಗೆ ಸಂಬಂಧವೇ ಇಲ್ಲದ ಹದಿನೈದು ಫೋಟೊಗಳ ಗ್ಯಾಲರಿ, ಒಂದೊಂದು ಒತ್ತಿದಾಗಲೂ ಜಾಹೀರಾತು. ಮರುದಿನ ನಟಿ ಸ್ಪಷ್ಟನೆ ಕೊಟ್ಟರೆ ಅದೂ ಸುದ್ದಿ, ‘ಕೊನೆಗೂ ಮೌನ ಮುರಿದರು’ ಅಂತ. ಉತ್ತರ ಕೊಡದಿದ್ದರೆ ‘ಮೌನವೇಕೆ?’ ಅಂತ ಮತ್ತೊಂದು. ಇದರಲ್ಲಿ ಓದುಗ ಬಾಯಿಬಿಟ್ಟು ಕೇಳಿದ್ದು ಯಾವುದು?

ಶೀರ್ಷಿಕೆ ಪರೀಕ್ಷೆ ಮಾಡಲು ಸುಲಭದ ದಾರಿ ಇದೆ. ಹೆಣ್ಣಿನ ಹೆಸರು ತೆಗೆದು ಅಷ್ಟೇ ಹೆಸರು ಮಾಡಿದ ಗಂಡಸಿನ ಹೆಸರು ಹಾಕಿ ಓದಬೇಕು. ರೋಹನ್ ಬೋಪಣ್ಣ 2024ರಲ್ಲಿ 43ನೇ ವಯಸ್ಸಿಗೆ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದಾಗ ವಯಸ್ಸನ್ನು ಎಲ್ಲರೂ ಬರೆದರು, ಸಾಧನೆಯೆಂದೇ ಬರೆದರು. ಸಾನಿಯಾ ಮಿರ್ಜಾಗೆ 2016ರಲ್ಲಿ ಟಿವಿ ಸಂದರ್ಶನದಲ್ಲಿ ಕೇಳಿದ್ದು, ಯಾವಾಗ ‘ಸೆಟಲ್’ ಆಗುತ್ತೀರಿ, ತಾಯ್ತನದ ಕಥೆ ಏನು ಅಂತ. ಆಗ ಅವರು ಡಬಲ್ಸ್‌ನಲ್ಲಿ ವಿಶ್ವದ ನಂಬರ್ ಒನ್. ಕೇಳಿದವರು ಅಲ್ಲೇ ಕ್ಷಮೆ ಕೇಳಿದರು, ಅದು ಅವರ ದೊಡ್ಡತನ. ಬೋಪಣ್ಣನ ಹೆಸರು ಹಾಕಿದರೆ ಆ ಪ್ರಶ್ನೆ ನಿಲ್ಲುತ್ತದಾ ನೋಡಿ.

ಇದು ಬರೀ ಬೇಸರದ ವಿಷಯವಾಗಿಯೂ ಉಳಿಯುವುದಿಲ್ಲ. 2020ರ ಜೂನ್ 14ಕ್ಕೆ ಹಿಂದಿ ನಟ ಸುಶಾಂತ್ ಸಿಂಗ್ ತೀರಿಕೊಂಡ ಮೇಲೆ ಅವರ ಗೆಳತಿ, ನಟಿ ರಿಯಾ ಚಕ್ರವರ್ತಿಯನ್ನು ಚಾನೆಲ್‌ಗಳು ತಿಂಗಳುಗಟ್ಟಲೆ ಅಪರಾಧಿ ಮಾಡಿದವು. ಮಾಟ ಮಾಡಿದವಳು ಅಂತಲೂ ಮಾತು ಹಬ್ಬಿತು. ಸೆಪ್ಟೆಂಬರ್ 8ಕ್ಕೆ ಡ್ರಗ್ಸ್ ಪ್ರಕರಣದಲ್ಲಿ ಬಂಧನ, ಅಕ್ಟೋಬರ್ 7ಕ್ಕೆ ಬಾಂಬೆ ಹೈಕೋರ್ಟಿನ ಜಾಮೀನು. ಸಿಬಿಐ ಸಾವಿನ ಪ್ರಕರಣ ಮುಕ್ತಾಯದ ವರದಿ ಕೊಟ್ಟದ್ದು 2025ರ ಮಾರ್ಚ್‌ನಲ್ಲಿ. ಬಂಧನಕ್ಕೆ ಸಿಕ್ಕಿದ ಸಮಯದ ಹತ್ತರಲ್ಲಿ ಒಂದು ಪಾಲಾದರೂ ಆ ವರದಿಗೆ ಸಿಕ್ಕಿತಾ?

ತಿಮ್ಮಯ್ಯ, 9:05
ರಿಯಾ ವಿಷಯ ಒಪ್ಪಿದೆ. ಆದರೆ ಈ ವಿಡಿಯೊ ನಾನು ಮಾಡಿದ್ದಲ್ಲ. ಬಂದದ್ದನ್ನು ಕಳಿಸಿದೆ, ಅಷ್ಟೇ.

ನಸೀಮಾ, 9:14
ತಿಮ್ಮಣ್ಣ, ವಕೀಲಿಕೆಯಲ್ಲಿ ದಿನವೂ ಕೇಳುವ ವಾದ ಇದು, ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ತಮಿಳುನಾಡಿನ ನಟ, ಮಾಜಿ ಶಾಸಕ ಎಸ್.ವಿ. ಶೇಖರ್ 2018ರಲ್ಲಿ ಪತ್ರಕರ್ತೆಯರನ್ನು ಹೀನಾಯವಾಗಿ ಬೈದ, ಬೇರೆ ಯಾರೋ ಬರೆದ ಪೋಸ್ಟನ್ನು ಹಂಚಿಕೊಂಡರು. ಆಮೇಲೆ ಅಳಿಸಿದರು, ಕ್ಷಮೆಯನ್ನೂ ಕೇಳಿದರು. 2023ರ ಜುಲೈಯಲ್ಲಿ ಮದ್ರಾಸ್ ಹೈಕೋರ್ಟ್ ಪ್ರಕರಣ ರದ್ದು ಮಾಡಲು ಒಪ್ಪಲಿಲ್ಲ, ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟೂ ಒಪ್ಪಲಿಲ್ಲ. ವಿಚಾರಣೆ ಮುಗಿದು ಒಂದು ತಿಂಗಳ ಶಿಕ್ಷೆ, 15 ಸಾವಿರ ದಂಡ ಆಯಿತು. ಬರೆದದ್ದು ನಾನಲ್ಲ ಅನ್ನುವ ಮಾತು ಅಲ್ಲಿ ನಿಲ್ಲಲಿಲ್ಲ.

ಅಡ್ಮಿನ್ ಹೆದರಬೇಕಾಗಿಲ್ಲ. ಸದಸ್ಯರು ಹಾಕಿದ್ದಕ್ಕೆ ಅಡ್ಮಿನ್ ಆಗಿರುವ ಒಂದೇ ಕಾರಣಕ್ಕೆ ಹೊಣೆ ಬರುವುದಿಲ್ಲ ಅಂತ ಬಾಂಬೆ, ಕೇರಳ ಹೈಕೋರ್ಟುಗಳು ಹೇಳಿವೆ. ಕಳಿಸಿದವರ ಹೊಣೆ ಕಳಿಸಿದವರದ್ದು. ಅಂಟಿಸಿದ ಫೋಟೊ ಅಶ್ಲೀಲ ಅನ್ನಿಸಿಕೊಂಡರೆ ಐಟಿ ಕಾಯ್ದೆಯ 67ನೇ ಕಲಂ: ಮೊದಲ ಸಲಕ್ಕೆ 3 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಆ ಕಲಮಿನಲ್ಲಿ ‘ಪ್ರಕಟಿಸುವುದು’ ಮಾತ್ರವಲ್ಲ, ‘ರವಾನಿಸುವುದು’ ಕೂಡ ಸೇರಿದೆ.

ಹರೀಶ, 9:17
ಕಂಪ್ಲೇಂಟ್ ಕೊಡುವುದು ಹೇಗೆ, ಅದನ್ನೂ ಬರೆಯಿರಿ ನಸೀಮಾ. ಎಲ್ಲರೂ ಸ್ಕ್ರೀನ್‌ಶಾಟ್ ತೆಗೆದು ಸುಮ್ಮನಾಗುತ್ತಾರೆ.

ನಸೀಮಾ, 9:29
ಮೊದಲ ತೊಂದರೆ ಆ ಸ್ಕ್ರೀನ್‌ಶಾಟೇ. ಚಿತ್ರದಷ್ಟನ್ನೇ ಕತ್ತರಿಸಿ ಇಟ್ಟುಕೊಂಡರೆ ಹೆಚ್ಚು ಉಪಯೋಗವಿಲ್ಲ. ಖಾತೆಯ ಹೆಸರು, ದಿನಾಂಕ, ಸಮಯ ಎಲ್ಲ ಕಾಣುವ ಹಾಗೆ ಇಡೀ ಪರದೆ ಬೇಕು. ಮೂರು ಚುಕ್ಕಿ ಒತ್ತಿ ಲಿಂಕ್ ಕಾಪಿ ಮಾಡಿ ಬೇರೆ ಕಡೆ ಬರೆದಿಡಬೇಕು, ಯಾಕೆಂದರೆ ಖಾತೆಯ ಹೆಸರನ್ನು ಅವರು ಬದಲಿಸಿಬಿಡುತ್ತಾರೆ. ಮೂಲ ಫೈಲ್ ಅದೇ ಫೋನಿನಲ್ಲಿ ಉಳಿಯಲಿ. ಕೋರ್ಟಿಗೆ ಹೋದರೆ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕಾಗುತ್ತದೆ, ಫೋನ್ ಬದಲಾದರೆ ಅಲ್ಲೇ ತೊಡಕು.

ಆಮೇಲೆ ಆ್ಯಪಿನ ಒಳಗೇ ವರದಿ. ‘ಇಷ್ಟವಾಗಲಿಲ್ಲ’ ಒತ್ತಿದರೆ ನಮ್ಮ ಕಣ್ಣಿಗೆ ಮಾತ್ರ ಮರೆಯಾಗುತ್ತದೆ, ಪೋಸ್ಟ್ ಅಲ್ಲೇ ಇರುತ್ತದೆ. ನಗ್ನತೆ ಅಥವಾ ಬೇರೆಯವರಂತೆ ನಟನೆ ಅನ್ನುವ ಕಾರಣ ಆರಿಸಬೇಕು. ತೊಂದರೆಗೊಳಗಾದವರು ಅಥವಾ ಅವರ ಪರವಾಗಿ ಒಬ್ಬರು ಆ್ಯಪ್ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆದರೆ, ತಿರುಚಿದ ಚಿತ್ರವನ್ನು 24 ಗಂಟೆಯೊಳಗೆ ತೆಗೆಯಲು ಕ್ರಮ ಕೈಗೊಳ್ಳಬೇಕೆಂದು 2021ರ ಐಟಿ ನಿಯಮಗಳೇ ಹೇಳಿದವು. ಪೊಲೀಸರಿಗೆ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್ ಮೂಲಕವೂ ಕೊಡಬಹುದು, ಮಹಿಳೆಯರ ವಿಭಾಗದಲ್ಲಿ ಹೆಸರು ಹೇಳದೆಯೂ ದಾಖಲಿಸಲು ಅವಕಾಶವಿದೆ. ಯಾವುದಾದರೂ ಹುಡುಗಿಯ ಸ್ವಂತ ಖಾಸಗಿ ಚಿತ್ರ ಹರಿದಾಡುವ ಭಯವಿದ್ದರೆ ಸ್ಟಾಪ್ ಎನ್‌ಸಿಐಐ ಅಂತ ಒಂದು ಸೇವೆ ಇದೆ: ಚಿತ್ರ ಫೋನಿನಿಂದ ಹೊರಗೆ ಹೋಗುವುದಿಲ್ಲ, ಅದರ ಸಂಕೇತ ಮಾತ್ರ ಹೋಗುತ್ತದೆ, ಕೈಜೋಡಿಸಿದ ಕಂಪನಿಗಳು ಆ ಸಂಕೇತಕ್ಕೆ ಹೊಂದುವ ಚಿತ್ರವನ್ನು ತಡೆಯುತ್ತವೆ. 18 ತುಂಬಿದವರಿಗೆ ಮಾತ್ರ.

ಪತ್ರಿಕೆಯಲ್ಲಿ ಬಂದದ್ದಾದರೆ ಮೊದಲು ಸಂಪಾದಕರಿಗೆ ಪತ್ರ, ಸರಿಹೋಗದಿದ್ದರೆ ಭಾರತೀಯ ಪತ್ರಿಕಾ ಮಂಡಳಿಗೆ. ಸಂಪಾದಕರಿಗೆ ಬರೆಯದೆ ನೇರ ಮಂಡಳಿಗೆ ಹೋದವರ ದೂರು ಸಾಮಾನ್ಯವಾಗಿ ಅಲ್ಲೇ ನಿಲ್ಲುತ್ತದೆ. ಟಿವಿಯಾದರೆ ಮೊದಲು ಚಾನೆಲ್‌ಗೇ, ಕಾರ್ಯಕ್ರಮದ ಹೆಸರು, ದಿನ, ಗಂಟೆ ಸಹಿತ. ತಡಮಾಡಬಾರದು. ಯೂಟ್ಯೂಬಿನಲ್ಲಿ ಸ್ವಂತ ಚಾನೆಲ್ ಇಟ್ಟುಕೊಂಡು ಟ್ರೋಲ್ ಮಾಡುವವನು ಪತ್ರಿಕಾ ಮಂಡಳಿಯ ಕೆಳಗೆ ಬರುವುದಿಲ್ಲ. ಇಂಥ ವಿಡಿಯೊ ಹೆಚ್ಚಾಗಿ ಅಲ್ಲಿಂದ ಹುಟ್ಟುವುದಕ್ಕೆ ಅದೂ ಒಂದು ಕಾರಣ.

ಮತ್ತೆ, ‘ಎಷ್ಟು ಕೆಟ್ಟದಾಗಿ ಮಾಡಿದ್ದಾರೆ ನೋಡಿ’ ಅಂತ ಯಾರೂ ಮುಂದೆ ಕಳಿಸಬೇಡಿ. ಅದರ ಕೆಳಗೆ ಜಗಳ ಆಡಲೂ ಬೇಡಿ, ನಮ್ಮ ಕಮೆಂಟನ್ನೂ ಅದು ಲೆಕ್ಕಕ್ಕೆ ಸೇರಿಸಿಕೊಳ್ಳುತ್ತದೆ.

ತಿಮ್ಮಯ್ಯ, 9:36
ಸರಿ, ವಿಡಿಯೊ ತೆಗೆಯುತ್ತೇನೆ. ಪ್ರೇಮಾ ವಿಷಯ ಮಾತ್ರ ಬಿಡುವುದಿಲ್ಲ. ಅವರ ಹೆಸರು ಅಳಿಸಿಹೋಗಬಾರದು, ಅದೂ ಒಬ್ಬ ಹೆಣ್ಣುಮಗಳಿಗೆ ಆದ ಅನ್ಯಾಯವೇ.

ಕಾವೇರಮ್ಮ, 9:39
ಖಂಡಿತ ಬಿಡಬೇಡಿ, ಈ ಮಾತು ನನಗೆ ಪೂರ್ತಿ ಒಪ್ಪಿಗೆ. ಹೀಗೆ ಹಾಕಿ: ‘ಕೊಡವ ಸಮುದಾಯದಿಂದ ಚಿತ್ರರಂಗಕ್ಕೆ ಬಂದವರಲ್ಲಿ ರಶ್ಮಿಕಾ ಮೊದಲಿಗರಲ್ಲ. ಪ್ರೇಮಾ 1995ರಿಂದ ಕನ್ನಡದಲ್ಲಿ ನಾಯಕಿ. ಅವರ ನಂತರ, ರಶ್ಮಿಕಾಗಿಂತ ಮೊದಲು ಡೈಸಿ ಬೋಪಣ್ಣ, ನಿಧಿ ಸುಬ್ಬಯ್ಯ, ಹರ್ಷಿಕಾ ಪೂಣಚ್ಚ ಬಂದಿದ್ದಾರೆ.’ ಜತೆಗೆ ಪ್ರೇಮಾ ಅವರ ಒಂದು ಒಳ್ಳೆಯ ಫೋಟೊ. ರಶ್ಮಿಕಾ ಫೋಟೊ ಬೇಕಾಗಿಯೇ ಇಲ್ಲ.

ತಿಮ್ಮಯ್ಯ, 9:41
[ಈ ಸಂದೇಶವನ್ನು ಅಳಿಸಲಾಗಿದೆ]

ತಿಮ್ಮಯ್ಯ, 9:43
ನಮ್ಮ ಒಕ್ಕದ (ಮನೆತನದ) ಗುಂಪಿಗೂ ನಿನ್ನೆ ಮಧ್ಯಾಹ್ನ ಹೋಗಿದೆ. ಅಲ್ಲಿ ಈಗ ತೆಗೆಯಲು ಆಗುತ್ತದಾ?

ಹರೀಶ, 9:45
ಆಗುತ್ತದೆ. ಎರಡು ದಿನ ಹನ್ನೆರಡು ಗಂಟೆಯವರೆಗೆ ಸಮಯ ಉಂಟು. ಸಂದೇಶ ಒತ್ತಿ ಹಿಡಿದು ‘ಎಲ್ಲರಿಗೂ ಅಳಿಸು’ ಆರಿಸಿ. ‘ನನಗಾಗಿ ಅಳಿಸು’ ಒತ್ತಿದರೆ ನಿಮ್ಮ ಫೋನಿನಿಂದ ಮಾತ್ರ ಹೋಗುತ್ತದೆ, ಉಳಿದವರಲ್ಲಿ ಹಾಗೇ ಇರುತ್ತದೆ. ಹೊತ್ತು ಮೀರಿದ್ದರೆ ಅಡ್ಮಿನ್‌ಗೆ ಹೇಳಿ, ಯಾರ ಸಂದೇಶವನ್ನೂ ಅವರು ತೆಗೆಯಬಹುದು. ಯಾರಾದರೂ ಈಗಾಗಲೇ ಗ್ಯಾಲರಿಗೆ ಇಳಿಸಿಕೊಂಡಿದ್ದರೆ ಅದನ್ನು ಅವರೇ ಅಳಿಸಬೇಕು, ಗುಂಪಿನಲ್ಲಿ ಒಂದು ಮಾತು ಹೇಳಿಬಿಡಿ.

ತಿಮ್ಮಯ್ಯ, 9:52
ತೆಗೆದೆ, ಹೇಳಿಯೂ ಆಯಿತು. ಕಾವೇರಿ ಬರೆದ ಸಾಲುಗಳನ್ನು ಅಲ್ಲಿ ಹಾಕಿದ್ದೇನೆ. ಒಂದು ಪ್ರಶ್ನೆ ಉಳಿದಿದೆ. ಅಷ್ಟು ದೊಡ್ಡ ಸಂದರ್ಶನ ಪ್ರಕಟಿಸುವ ಮೊದಲು ಆ ಮಾತನ್ನು ಯಾರಾದರೂ ಪರಿಶೀಲಿಸಬೇಕಿತ್ತಲ್ಲ? ಪರದೆಯ ಕೆಳಗೆ ಒಂದು ಸಾಲು ಹಾಕಿದ್ದರೆ ಮುಗಿಯುತ್ತಿತ್ತು.

ಕಾವೇರಮ್ಮ, 9:56
ಅದು ಸರಿಯಾದ ಪ್ರಶ್ನೆ ತಿಮ್ಮಣ್ಣ, ಕೇಳಬೇಕಾದವರಿಗೇ ಕೇಳೋಣ. ಸಂದರ್ಶನದ ಲಿಂಕ್, ಆ ಮಾತು ಬರುವ ನಿಮಿಷ, ಪ್ರೇಮಾ ಅವರ ಮೊದಲ ಸಿನಿಮಾದ ವರ್ಷ ಹಾಕಿ ನಾಳೆ ಅವರ ಸಂಪಾದಕರಿಗೆ ಮೇಲ್ ಬರೆಯಿರಿ. ನಾನು ತಿದ್ದಿಕೊಡುತ್ತೇನೆ.